ಅಳಿಯನ ಎಲೆಗೆ ಬಿದ್ದ ರೆಕ್ಕೆ

ಮೇಷ್ಟರಾದವನು ಊಟದ ಹೊತ್ತಿನಲ್ಲಾದರೂ ಪಾಠ ಮರೆತಿರಬೇಕು. ನನ್ನಿಂದ ಅದು ಆಗುವುದಿಲ್ಲ. ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಮ್ಮೆ ಹಾಲಿನ ಲಕ್ಷ್ಮಮ್ಮನಿಗೆ, ಹಸುವಿನ ಮುಂಗಾಲಲ್ಲಿ ನಾವು ಮಂಡಿ ಎನ್ನುವುದು ನಿಜವಾಗಿ ಮಣಿಕಟ್ಟು ಎಂದು ತಿಳಿಸಿದೆ. 'ಸರಿ ಬುಡಿ ಮೇಷ್ಟ್ರೇ, ನಾಳೆಯಿಂದ ಬಳೆ ತೊಡುಸ್ತೀನಿ' ಎಂದು ಆಕೆ ಹಾಲಳೆದು ಹೋದಳು.

ಅತ್ತೆಯ ಮನೆ ಪೂರಿಗಾಲಿ ಎಂಬ ಹಳ್ಳಿಯಲ್ಲಿ. ನಾಟಿಕೋಳಿ ಕುಯ್ದ ದಿನ ಅಳಿಯನ ಎಲೆಗೆ ತೊಡೆ ಬೀಳಲೇಬೇಕು. ಅದು ಅಲ್ಲಿನ ಮರ್ಯಾದೆ. ಆ ಭಾನುವಾರ ನನ್ನ ತಲೆಯಲ್ಲಿ ಮಾರನೆಯ ದಿನದ ಮುಂಗಾಲಿನ ಪಾಠ ಕೂತಿತ್ತು. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಕುದುರೆಯ ಕಾಲು, ನಮ್ಮ ತೋಳು, ಎಲ್ಲದರೊಳಗೂ ಒಂದೇ ಹಳೆಯ ಲೆಕ್ಕ: ಮೇಲೆ ಒಂದು ಮೂಳೆ, ಕೆಳಗೆ ಎರಡು, ಆಮೇಲೆ ಮಣಿಕಟ್ಟು, ಬೆರಳು. ತಿಮಿಂಗಿಲವನ್ನು ಮದ್ದೂರಿಗೆ ತರುವುದು ಕಷ್ಟ. ಕೋಳಿಯ ರೆಕ್ಕೆ ಕಣ್ಣೆದುರೇ ಸಾರಿನಲ್ಲಿತ್ತು. 'ಅತ್ತೆ, ತೊಡೆ ಬೇಡ, ರೆಕ್ಕೆ ಹಾಕಿ' ಎಂದುಬಿಟ್ಟೆ.

ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ರೆಕ್ಕೆ ಬಿತ್ತು. ಮುದ್ದೆಯ ಜೊತೆ ಚೊಕ್ಕಟವಾಗಿ ತಿಂದು, ಮೂಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗಿಳಿಸಿದೆ. ಅತ್ತೆ ಅದನ್ನೂ ನೋಡಿದರು.

ಕೈ ತೊಳೆಯುವಷ್ಟರಲ್ಲಿ ಹೆಂಡತಿ ಬಂದಳು. 'ಅವ್ವ ಒಳ್ಗೆ ಅಳ್ತಾ ಕೂತವ್ಳೆ. ಏನ್ರೀ ಮಾಡುದ್ರಿ? ಅವ್ಳು ನಗೋಗಂಟ ನಾನು ಮದ್ದೂರಿಗೆ ಬರಾಕಿಲ್ಲ.'

ಅಡುಗೆಮನೆಗೆ ಓಡಿದೆ. 'ಯಾಕ್ ಅಳಿಮಯ್ಯ' ಎಂದರು ಅತ್ತೆ, 'ಮೂಳೆ ಕಟ್ಕಂಡ್ರಲ್ಲ, ನಮ್ಮತ್ತೆ ಬರೀ ರೆಕ್ಕೆ ಇಕ್ಕುದ್ಲು ಅಂತ ನಾಕ್ ಜನುಕ್ಕೆ ತೋರ್ಸಕ್ಕಾ?'

ತೋರಿಸುವುದಂತೂ ನಿಜ, ನಾಲ್ಕಲ್ಲ, ನಲವತ್ತು ಜನಕ್ಕೆ. ನೆಲದ ಮೇಲೆ ಕೂತು ಕರ್ಚೀಫು ಬಿಚ್ಚಿದೆ. ಅತ್ತೆಯ ತೋಳಿನ ಪಕ್ಕದಲ್ಲೇ ಮೂಳೆ ಜೋಡಿಸಿ, ಮೇಲೆ ಒಂದು, ಕೆಳಗೆ ಎರಡು ಎಂದು ತೋರಿಸಿದೆ. ಅವರು ಮುಂದೋಳನ್ನು ಒತ್ತಿ ನೋಡಿಕೊಂಡರು. 'ಈ ಎಲ್ಡ್ರಲ್ಲಿ ಒಂದೇ ಕಣಪ್ಪ, ಬಾವಿಕಟ್ಟೇಲಿ ಜಾರ್ಬಿದ್ದಾಗ ಮುರ್ದಿದ್ದು. ಅಂಗಾರೆ ಕೋಳಿಗೂ ನನ್ ಕೈಯೇ ಅನ್ನಿ' ಎಂದು ನಕ್ಕರು. ಹೋದ ಜೀವ ಬಂದಂತಾಯಿತು. ಇಷ್ಟು ಬೇಗ ಪಾಠ ಹಿಡಿದ ಶಿಷ್ಯರು ನನಗೆ ಬೇರೆ ಯಾರೂ ಇಲ್ಲ. ಅವರ ಮೇಲೆ ಅಂದು ಹುಟ್ಟಿದ ಅಕ್ಕರೆ ಇಂದಿಗೂ ಹಾಗೇ ಇದೆ.

ಈಗ ಅವರು ರೆಕ್ಕೆಯ ಮೂಳೆಗಳನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಡಬ್ಬಿಯಲ್ಲಿ ಕಳಿಸುತ್ತಾರೆ. ನಾನು ಊಟಕ್ಕೆ ಕೂತರೆ ಎರಡೂ ರೆಕ್ಕೆ ನನ್ನ ಎಲೆಗೇ. ತೊಡೆ ನನ್ನ ಷಡ್ಡಕನಿಗೆ. ಅವನು ನನ್ನನ್ನೇ ನೋಡುತ್ತಾ ನಿಧಾನವಾಗಿ ಕಡಿಯುತ್ತಾನೆ. 'ನಮ್ ಮೇಷ್ಟ್ರುಗೆ ತೊಡೆ ಸೇರಾಕಿಲ್ಲ' ಎಂದು ಅತ್ತೆ ಬೀದಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ. ನಾನೋ, ಪಠ್ಯಪುಸ್ತಕದಲ್ಲಿ ಎಲ್ಲಾದರೂ ಹಿಂಗಾಲಿನ ಪಾಠ ಇದೆಯೇ ಎಂದು ಹುಡುಕುತ್ತಿದ್ದೇನೆ.