ತೇವಾಂಶದ ಯಂತ್ರಕ್ಕೊಂದು ಶ್ರೀಕಾರ

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಒಬ್ಬ ವೈರಿಯೂ ಇಲ್ಲ. ಅವರು ಕೆಲಸ ಮಾಡುವ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ತೇವಾಂಶ ಅಳೆಯುವ ಯಂತ್ರವೊಂದನ್ನು ಬಿಟ್ಟರೆ!

ಯಂತ್ರ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇತ್ತು. ಬೀಜ ಹಾಕಿದರೆ ಪುಟ್ಟ ಗಾಜಿನ ಕಿಂಡಿಯಲ್ಲಿ ಅಂಕಿ ತೋರಿಸುತ್ತಿತ್ತು. ಮಾವ ಅದನ್ನು ಪುಸ್ತಕಕ್ಕೆ ಬರೆಯುತ್ತಿದ್ದರು. ಈ ಸುಖ ಕೆಡಿಸಿದವರು ಯಾರು? ಮಾವನೇ! ಅಂಕಿ ಸೀದಾ ಕಂಪ್ಯೂಟರಿಗೇ ಬರಬೇಕೆಂದು ಕಂಪನಿಯ ಸಾವ್ಕಾರರಿಗೆ ಗಂಟುಬಿದ್ದು ಕಂಪ್ಯೂಟರು, ಕೇಬಲ್ಲು ಎರಡನ್ನೂ ತರಿಸಿದರು. ತಿಂಗಳಾದರೂ ಒಂದಂಕಿಯೂ ಬರಲಿಲ್ಲ.

"ಸೋಮವಾರದೊಳಗ ಮಷಿನ್ ಬಾಯಿ ಬಿಡಬೇಕು. ಇಲ್ಲಂದ್ರ ನೀವು ಬ್ಯಾಡಗಿ ಮೆಣಸಿನಕಾಯಿ ಗೋದಾಮಿಗೆ ನಡೀರಿ, ಚೀಲಾ ಎಣಸಾಕ" ಎಂದರು ಸಾವ್ಕಾರರು. ಬ್ಯಾಡಗಿ ಎಂಬ ಹೆಸರು ಕೇಳಿದರೇ ಸೀನುವ ಮನುಷ್ಯ ನಮ್ಮ ಮಾವ! ಹಾವೇರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ನನಗೆ ಫೋನ್ ಬಂತು. ಶನಿವಾರ ಬಸ್ಸು ಹತ್ತಿದೆ.

ಯಂತ್ರದ ಕೈಪಿಡಿ ಸ್ಪಷ್ಟವಾಗಿತ್ತು. ಅಂಕಿ ಬೇಕಾದರೆ ಕಂಪ್ಯೂಟರಿನಿಂದ ಇಂಗ್ಲಿಷಿನ ದೊಡ್ಡಕ್ಷರದ ಒಂದು 'ಆರ್' ಕಳಿಸಬೇಕು, ಹಿಂದೆ ಮುಂದೆ ಏನೂ ಇರಬಾರದು, ಕೊನೆಗೆ ಎಂಟರ್ ಒತ್ತಬೇಕು. ಮಾವ ಕಳಿಸಿದ್ದನ್ನು ನೋಡಿದೆ. ಪ್ರತಿ ಆಜ್ಞೆಯ ತಲೆಯ ಮೇಲೂ ಇಂಗ್ಲಿಷಿನಲ್ಲಿ 'ಶ್ರೀ'! ಯಂತ್ರ ಪ್ರತಿ ಸಲವೂ 'ಎರರ್' ಎಂದಿತ್ತು.

"ಮಾವಾ, ಇದನ್ನ ಯಾಕ ಹಾಕೀರಿ?"

"ಶ್ರೀಕಾರ ಇಲ್ದ ಕಾಗದಾ ನಮ್ಮ ಮನ್ಯಾಗ ಯಾರರೆ ಬರದಾರೇನೋ ಅಳಿಯಾ?"

"ಮಷಿನ್ನಿಗೆ ಅದು ತಿಳಿಯೂದಿಲ್ರೀ."

"ಹಂಗಾರ ತಪ್ಪು ಅದರದು."

ಅರ್ಧ ತಾಸು ವಾದ ನಡೆಯಿತು. ಕಂಪ್ಯೂಟರಿನ ಹಣೆಯ ಮೇಲೆ ಸೀಮೆಸುಣ್ಣದಲ್ಲಿ ಶ್ರೀ ಬರೆಯುವುದು, ಒಳಗೆ ಬರೀ 'ಆರ್' ಕಳಿಸುವುದು ಎಂದು ರಾಜಿಯಾಯಿತು. ಗೆದ್ದೆನೆಂದು ಚಹಾ ಕುಡಿಯಲು ಹೋಗಿ ಬಂದರೆ, ಪರದೆಯ ತುಂಬ ಚುಕ್ಕಿ, ಕೊಕ್ಕೆ, ಪ್ರಶ್ನಾರ್ಥಕ ಚಿಹ್ನೆ! ಎರಡೂ ಕಡೆ ಅಕ್ಷರ ಕಳಿಸುವ ವೇಗ ಒಂದೇ ಇರಬೇಕಾದಲ್ಲಿ ಮಾವ ಕಂಪ್ಯೂಟರಿನ ವೇಗವನ್ನಷ್ಟೇ ಇಳಿಸಿಬಿಟ್ಟಿದ್ದರು.

"ಅಷ್ಟು ಲಗೂ ಲಗೂ ಹೇಳಿದ್ರ ಅದು ಗಾಬರಿ ಆಗೂದಿಲ್ಲೇನು? ಪಾಪ, ಸಾವಕಾಶ ಹೇಳೇನಿ" ಎಂದರು.

ಹಣೆ ಚಚ್ಚಿಕೊಂಡು ವೇಗ ಸರಿ ಮಾಡಿದೆ. 'ಆರ್', ಎಂಟರ್. ಪರದೆಯ ಮೇಲೆ ಎಂಟು ಎಂಬ ಅಂಕಿ ಬಂತು! ಬ್ಯಾಡಗಿ ತಪ್ಪಿತು. ಮಾವ ಮಾತ್ರ ಹಿಗ್ಗಲಿಲ್ಲ.

"ದೊಡ್ಡದ ಮಾಡು" ಎಂದರು. ಮಾಡಿದೆ. "ಇನ್ನೂ ದೊಡ್ಡದು." ಒಂದು ಅಂಕಿ ಇಡೀ ಪರದೆಯನ್ನು ನುಂಗಿತು.

"ಮಾವಾ, ರೈಲ್ವೆ ಸ್ಟೇಷನ್ನಿಗೂ ಕಾಣತೈತ್ರೀ ಈಗ!" ಎಂದು ನಕ್ಕೆ.

ಅವರು ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಕಿಂಡ್ಯಾಗಿಂದು ನನಗ ಕಾಣೂದಿಲ್ಲೋ. ವರ್ಷಾತು. ಎಂಟೋ ಮೂರೋ ತಿಳಿಯೂದಿಲ್ಲ. ಹಸೀ ಬೀಜಾನ ಒಣಗೇತಿ ಅಂತ ಬರದುಬಿಟ್ರ? ಚೀಲದಾಗ ಮುಗ್ಗಿಹೋಗತೈತಿ. ನನ್ನ ನಂಬಿ ಬಿತ್ತಿದವರ ಹೊಲದಾಗ ಒಂದ ಮೊಳಕೆ ಏಳೂದಿಲ್ಲ. ದಿನಾ ಮೂರ್ಮೂರು ಸಲ ಅಳದು ಬರೀತೇನಿ. ಸಾವ್ಕಾರ್ರಿಗೆ ಹೇಳಬ್ಯಾಡಪಾ."

ಈಗಷ್ಟೇ ನಕ್ಕದ್ದಕ್ಕೆ ನಾಚಿಕೆಯಾಯಿತು.

ಮಾವ ಕುರ್ಚಿಗೆ ಬೆನ್ನು ಆನಿಸಿ ಕುಳಿತು, ಕೂತಲ್ಲಿಂದಲೇ ಗಟ್ಟಿಯಾಗಿ ಓದಿದರು, "ಎಂಟು." ಆಮೇಲೆ ನನ್ನ ಕಡೆ ತಿರುಗಿ, "ಖರೇ ಎಂಟ ಹೌದಲ್ಲೋ?"

"ಖರೇ ಎಂಟ್ರೀ ಮಾವಾ" ಎಂದೆ. ಕಣ್ಣು ತುಂಬಿ ನನಗೇ ಅದು ಕಾಣುತ್ತಿರಲಿಲ್ಲ.