ಮಂಗಳ ಗ್ರಹಕ್ಕೊಂದು ಹಗ್ಗ

ಮಂಗಳ ಗ್ರಹದವರಿಗೆ ಅನ್ಯಾಯವಾಯಿತೆಂದು ಬಂಗುಡೆ ಸಾರು ಬಿಟ್ಟು ಎದ್ದವರು ಈ ಭೂಮಿಯ ಮೇಲೆ ಒಬ್ಬರೇ. ಅವರು ಕಾಪುವಿನಲ್ಲಿದ್ದಾರೆ. ನನ್ನ ಗ್ರಹಚಾರ ನೋಡಿ, ನನ್ನ ಮನೆಯಲ್ಲೇ ಇದ್ದಾರೆ!

ಮಲ್ಪೆಯಲ್ಲಿ ನಲವತ್ತು ವರ್ಷ ಮೀನಿನ ಬೋಟು ನಡೆಸಿದ ತಾಂಡೇಲರು ನಮ್ಮನೆಯವರು. ಈಗ ಬೋಟಿಲ್ಲ, ಸಿಟ್ಟು ಮಾತ್ರ ಉಳಿದಿದೆ. ಆ ಸಿಟ್ಟಿಗೆ ಭಾನುವಾರವೊಂದು ರಜೆ. ಅಂದು ಮಣಿಪಾಲದಿಂದ ಮೊಮ್ಮಗಳು ಬರುತ್ತಾಳೆ. ಒಂಬತ್ತು ವರ್ಷದ ಚಿನ್ನ! ನಾನು ಓದಿದ್ದು ಮೂರನೇ ಕ್ಲಾಸು, ಇವರು ಅದೂ ಇಲ್ಲ. ಅವಳೋ, ಇಂಗ್ಲಿಷನ್ನು ನೀರು ಕುಡಿದ ಹಾಗೆ ಆಡುತ್ತಾಳೆ! ಭೂಮಿಯವರಿಗೂ ಮಂಗಳದವರಿಗೂ ಯುದ್ಧವಾಗುವ ಇಂಗ್ಲಿಷ್ ಧಾರಾವಾಹಿ ಹಾಕಿ, ನಮ್ಮಿಬ್ಬರ ನಡುವೆ ಕೂತು, ಮಾತುಮಾತಿಗೂ ಅರ್ಥ ಹೇಳುತ್ತಾಳೆ.

ಇವರಿಗೆ ಆಕಾಶದ ಹಡಗೂ ಟ್ರಾಲ್ ಬೋಟೇ. "ಇಷ್ಟು ದೊಡ್ಡ ಬೋಟು, ಐಸ್ ಎಲ್ಲಿ ಇಡ್ತಾರೆ ಇವರು?"

"ಅಜ್ಜಾ, ಅವರು ಮೀನಿಗೆ ಹೋಗುದಲ್ಲ, ಯುದ್ಧಕ್ಕೆ ಹೋಗುದು."

"ಯುದ್ಧಕ್ಕೆ ಹೋದವರಿಗೆ ಹಸಿವೆ ಆಗುದಿಲ್ವಾ?"

ಒಂದು ಭಾನುವಾರ ಮಂಗಳದವರ ಹಡಗಿನ ಇಂಜಿನ್ ಕೆಟ್ಟಿತು. ಒಳಗಿದ್ದವರು ಕೂಗಿ ಕರೆದರು. ಭೂಮಿಯ ಕಪ್ತಾನ ನೋಡಿಯೂ ನೋಡದವನಂತೆ ಮುಂದೆ ಹೋದ. ಎಪಿಸೋಡು ಮುಗಿಯಿತು.

ಇವರು ಬಟ್ಟಲು ನೂಕಿ ಎದ್ದರು. "ಯಾವ ಬಂದರಿನ ತಾಂಡೇಲ ಅವ? ಜಗಳ ಬೇರೆ, ಇಂಜಿನ್ ಕೆಡುದು ಬೇರೆ! ಮೊದ್ಲು ಹಗ್ಗ ಬಿಸಾಡ್ಬೇಕು, ಬೈಯುದು ದಡಕ್ಕೆ ಬಂದ ಮೇಲೆ!"

"ಅದು ಕತೆ ಮಾರಾಯ್ರೆ!" ಎಂದೆ.

"ಕತೆ ಆದ್ರೆ? ಇನ್ನು ಈ ಮನೆಯಲ್ಲಿ ಅದನ್ನು ಹಾಕುದು ಬೇಡ!"

ಟಿವಿ ಆರಿತು. ಮೊಮ್ಮಗಳ ಮುಖವೂ ಆರಿತು. ಹೊರಡುವಾಗ ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಾನು ಬರುದು ಬೇಡ್ವಾ ಅಜ್ಜಿ?"

ನನಗೆ ಬಂತು ನೋಡಿ ಸಿಟ್ಟು! ಮಂಗಳದವರಿಗಾಗಿ ನನ್ನ ಬಂಗಾರವನ್ನು ಅಳಿಸುವುದೇ? ವಾರವಿಡೀ ಇವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ. ತಿಂದರು.

ಮುಂದಿನ ಭಾನುವಾರ ಬಂದವಳೇ, ಯಾರನ್ನೂ ಕೇಳದೆ ಟಿವಿ ಹಾಕಿದಳು. ಮಂಗಳದವರ ಹಡಗು ದೀಪವಿಲ್ಲದೆ ತೇಲುತ್ತಿತ್ತು. ಕಪ್ತಾನ ಇನ್ನೆಲ್ಲೋ ಗ್ಲಾಸು ಹಿಡಿದು ನಗುತ್ತಿದ್ದ.

"ಎಂತ ಹೇಳ್ತಾನೆ ಅವ?" ಇವರು ಬಾಗಿಲಲ್ಲೇ ನಿಂತು ಗದರಿದರು.

ಅವಳು ಅಜ್ಜನ ಮುಖ ನೋಡಿದಳು. "ತಪ್ಪಾಯ್ತು ಅಂತ ಹೇಳ್ತಾನೆ ಅಜ್ಜ. ತಿರುಗಿ ಹೋದ್ರಂತೆ. ಹಗ್ಗ ಬಿಸಾಡಿದ್ರಂತೆ. ಎಲ್ಲರೂ ಬದುಕಿದ್ರಂತೆ." ಹೇಳುವಾಗ ಟಿವಿಯ ಕಡೆ ನೋಡಲೇ ಇಲ್ಲ.

ತಪ್ಪಾಯಿತು ಎನ್ನುವವನು ಹಾಗೆ ನಗುತ್ತಾನೆಯೇ? ನನಗೇ ತಿಳಿಯಿತು. ನೀರಿನ ಬಣ್ಣ ನೋಡಿ ಗಾಳಿ ಹೇಳುವವರಿಗೆ ತಿಳಿಯದೇ? ಈಗ ಸಿಡಿಯುತ್ತಾರೆಂದು ಕಾದೆ. ಇವರು ಬಂದು ಅವಳ ಪಕ್ಕ ಕೂತರು.

"ಹೌದಾ ಮಗಾ? ಹಾಗಾದ್ರೆ ಅಜ್ಜಿಗೆ ಊಟ ಹಾಕ್ಲಿಕ್ಕೆ ಹೇಳು."

ನಮ್ಮ ಮದುವೆಯ ಹೊಸತರಲ್ಲಿ ಇವರ ಬೋಟಿನ ಇಂಜಿನ್ ಹೋಗಿ, ಎರಡು ದಿನ ಸಮುದ್ರದಲ್ಲಿ ತೇಲಿದ್ದರು. ಎಳೆದು ತಂದದ್ದು, ಬಲೆ ಹರಿದ ಜಗಳದಲ್ಲಿ ಇವರೇ ಹಿಂದಿನ ವಾರ ಹೊಡೆದಾಡಿದ್ದ ಬೇರೆ ಬಂದರಿನವರ ಬೋಟು. ಹಗ್ಗ ಬಿಸಾಡಿದವನ ಹೆಸರು ಇಂದಿಗೂ ಗೊತ್ತಿಲ್ಲ. ಅವನು ಆ ಹಗ್ಗ ಎಸೆಯದಿದ್ದರೆ ನನಗೆ ಮಗನೆಲ್ಲಿ, ಈ ಮೊಮ್ಮಗಳೆಲ್ಲಿ?

ಬಟ್ಟಲು ತೆಗೆದುಕೊಳ್ಳಲು ಅಡುಗೆಮನೆಗೆ ಬಂದ ಇವರು ನನ್ನ ಕಿವಿಯ ಹತ್ತಿರ ಹೇಳಿದರು, "ಆ ಕಪ್ತಾನ ತಿರುಗಿ ಹೋಗ್ಲಿಲ್ಲ ಮಾರಾಯ್ತಿ. ಹಗ್ಗ ಬಿಸಾಡಿದ್ದು ನಮ್ಮ ಮಗು."

ನಾನು ಸಾರಿಗೆ ಉಪ್ಪು ಹಾಕಿದೆ.