ಸಾರಿನಪುಡಿ ಡಬ್ಬಿಯ ಕ್ಯಾಮರಾ

ಫೋಟೋ ತೆಗೆಯುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ; ಬೇಡವೆಂದರೂ ಅದು ಕ್ಯಾಮರಾ ಮುಂದೆ ಬಂದು ನಿಲ್ಲುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಂಜನಗೂಡಿನಲ್ಲಿದ್ದ ನಾನು ಆಸೆಪಟ್ಟು ಡಿಜಿಟಲ್ ಕ್ಯಾಮರಾ ಕೊಂಡಿದ್ದೆ. ನಾಲ್ಕು ಸಣ್ಣ ಸೆಲ್ಲು ನುಂಗಿ, ಫ್ಲ್ಯಾಷ್ ಹಾಕಿದರೆ ಅರ್ಧ ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ನನಗೆ ಕೆಲಸ ಕಲಿಸಿದ ಸ್ಟುಡಿಯೋ ಯಜಮಾನರಿಗೆ ರೀಲೇ ದೇವರು. ಆದರೂ ತಿ. ನರಸೀಪುರದಲ್ಲಿ ಮಗಳ ಮದುವೆ ಗೊತ್ತಾದಾಗ ಫೋಟೋ ಕೆಲಸ ನನಗೇ ಒಪ್ಪಿಸಿದರು.

"ತಾಳಿ ಕಟ್ಟೋವಾಗ ಅದೇನಾದ್ರೂ ಕಣ್ಮುಚ್ಚಿದ್ರೆ, ನನ್ ಶಿಷ್ಯ ಅಂತ ಎಲ್ಲೂ ಹೇಳ್ಕೋಬ್ಯಾಡ ಕಣ್ಲಾ" ಅಂದರು. ಆ ಮಾತು ನನ್ನ ನಿದ್ದೆ ಕೆಡಿಸಿತು.

ಬಿಸಿಲಿಗಿಟ್ಟ ಸೆಲ್ಲು

ಮದುವೆಗೆ ಮುಂಚೆ ಹುಲ್ಲಹಳ್ಳಿಯಲ್ಲೊಂದು ನಾಮಕರಣವಿತ್ತು. ಹೊರಡುವಾಗ ನೋಡಿದರೆ ಚಾರ್ಜರಿನಲ್ಲಿಟ್ಟಿದ್ದ ಸೆಲ್ಲು ಮಾಯ. ಹುಡುಕಿದೆ. ಮಾಳಿಗೆ ಮೇಲೆ ಮೊರದಲ್ಲಿ, ಸಾರಿನಪುಡಿಗೆ ಒಣಗಲು ಹಾಕಿದ್ದ ಮೆಣಸಿನಕಾಯಿ ನಡುವೆ ಸಾಲಾಗಿ ಮಲಗಿದ್ದವು.

"ಇದೇನವ್ವ?"

"ಕರೆಂಟ್ ಓಗಿತ್ತು ಕಣಪ್ಪ, ಬಿಸ್ಲಿಗಿಟ್ಟೆ. ನಿಮ್ಮಪ್ಪನ ರೇಡಿಯೋ ಸೆಲ್ಲು ಇಂಗೇ ಅಲ್ವಾ ನಾಕ್ ದಿನ ಜಾಸ್ತಿ ಬತ್ತಿದ್ದುದು?"

ಅವ್ವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಜೇಬಿಗೆ ಹಾಕಿಕೊಂಡು ಹೊರಟೆ. ಹಿಂದಿನಿಂದ ಕೂಗಿದಳು: "ಇನ್ನೂ ಅರ್ಧ ಕಾದವೆ ಕಣಪ್ಪ, ಮಿಕ್ಕಿದ್ದು ಅಲ್ಲೇ ಕಾಯಿಸ್ಕೋ!"

ಹೊರಗಿನ ಹೊಟ್ಟೆ

ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೇ ಕ್ಯಾಮರಾ ಆರಿಹೋಯಿತು. ಮಗುವಿನ ಮುತ್ತಾತ ಒಳಗೆ ಹೋಗಿ ತನ್ನ ಟಾರ್ಚಿನ ದಪ್ಪ ಸೆಲ್ಲುಗಳನ್ನು ಬಿಚ್ಚಿ ತಂದ.

"ತಗಳ್ಳಾ, ತಿಂಗ್ಳುಗಟ್ಲೆ ಬತ್ತವೆ."

"ಇದರೊಳಗೆ ಹಿಡಿಯಲ್ಲ ತಾತ."

"ಒಳಗಿಡೀದಿದ್ರೆ ಒರಗೊಂದು ಒಟ್ಟೆ ಕಟ್ಟು. ನಂಗಿಲ್ವಾ?" ಎಂದು ತನ್ನ ಡೊಳ್ಳುಹೊಟ್ಟೆ ತಟ್ಟಿದ.

ಎಲ್ಲರೂ ನಕ್ಕರು. ನಾನು ಮಾತ್ರ ಆ ಹೊಟ್ಟೆಯನ್ನೇ ನೋಡುತ್ತಾ ಕೂತೆ. ಮನೆಗೆ ಬಂದವನೇ ಅವ್ವನ ಸಾರಿನಪುಡಿಯ ಪ್ಲಾಸ್ಟಿಕ್ ಡಬ್ಬಿ ಖಾಲಿ ಮಾಡಿದೆ. ಒಳಗೆ ನಾಲ್ಕು ದಪ್ಪ ಸೆಲ್ಲು, ಹಳೇ ಟಾರ್ಚಿನ ಸ್ಪ್ರಿಂಗು, ಕ್ಯಾಮರಾಗೆ ಒಂದು ವೈರು. ಮುಚ್ಚಳಕ್ಕೆ ಸ್ಕ್ರೂ ಹಾಕಿ ಕ್ಯಾಮರಾದ ತಳಕ್ಕೆ ಬಿಗಿದೆ. ಗಾಳಿಯಾಡಲೆಂದು ಕಾದ ಕಡ್ಡಿಯಿಂದ ಸುತ್ತ ತೂತು ಹಾಕಿದೆ. ನೀರು ಸೋಕಿದರೆ ಸೆಲ್ಲು ಕೆಟ್ಟೀತೆಂದು ಡಬ್ಬಿ ತೊಳೆಯದೆ ಬರೀ ಒರೆಸಿದ್ದೆ.

"ಕ್ಯಾಮರಾ ಏನಾದ್ರೂ ಆಗ್ಲಿ, ನನ್ ಡಬ್ಬಿ ಜ್ವಾಪಾನ" ಅಂದಳು ಅವ್ವ.

ಎರಡನೇ ಸೀನು

ಮದುವೆ ದಿನ ಡಬ್ಬಿ ದಣಿಯಲೇ ಇಲ್ಲ. ವರ ತಾಳಿ ಕೈಗೆತ್ತಿಕೊಂಡ. ಪಕ್ಕದಲ್ಲೇ ಧಾರೆ ಎರೆದು ನಿಂತಿದ್ದರು ಯಜಮಾನರು. ನಾನು ಹತ್ತಿರ ಹೋಗಿ ಕ್ಯಾಮರಾವನ್ನು ಉದ್ದಕ್ಕೆ ತಿರುಗಿಸಿದೆ. ಡಬ್ಬಿಯ ತೂತಿನಿಂದ ಚಿಟಿಕೆ ಸಾರಿನಪುಡಿ ಹಾರಿತು.

"ಆಕ್ಷೀ!" ಯಜಮಾನರು ಸೀನಿದರು.

ಓಲಗ ನಿಂತಿತು. ವರನ ಕೈ ಅಲ್ಲೇ ನಿಂತಿತು. ಅವನ ಅಜ್ಜಿ ಎದ್ದು ನಿಂತು, "ಒಂಟಿ ಸೀನು ಅಪಶಕುನ! ಇನ್ನೊಂದು ಬರೋಗಂಟ ಕಟ್ಟಬ್ಯಾಡಿ" ಎಂದಳು. ಯಜಮಾನರು ಮೂಗುಜ್ಜಿದರು, ದೀಪ ದಿಟ್ಟಿಸಿದರು, ಸೀನು ಬರಲೊಲ್ಲದು. "ಮುಹೂರ್ತ ಮೀರ್ತಿದೆ" ಅಂದರು ಪುರೋಹಿತರು. ಮದುಮಗಳ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಜಮಾನರ ದೃಷ್ಟಿ ನನ್ನ ಡಬ್ಬಿ ಮೇಲೆ ಬಿತ್ತು.

"ತಾರ್ಲಾ ಇಲ್ಲಿ!"

ಕ್ಯಾಮರಾ ಸಮೇತ ಕಿತ್ತುಕೊಂಡು, ಡಬ್ಬಿಯನ್ನು ಮೂಗಿಗೊತ್ತಿ ಉಸಿರೆಳೆದರು. ಛತ್ರವೇ ಅದುರುವಂತೆ ಸೀನಿದರು. ಅಜ್ಜಿ ಕೈಮುಗಿದಳು, ಗಟ್ಟಿಮೇಳ ಮೊಳಗಿತು. ನಾನು ಕ್ಯಾಮರಾ ಇಸಕೊಂಡು ಮೂರೂ ಗಂಟಿನ ಫೋಟೋ ತೆಗೆದೆ.

ಈಗ ಅವ್ವನೂ ಇಲ್ಲ, ಯಜಮಾನರೂ ಇಲ್ಲ. ಡಬ್ಬಿ ಮುಚ್ಚಳ ತೆಗೆದರೆ ಇಂದಿಗೂ ಅವ್ವನ ಅಡುಗೆಮನೆಯ ವಾಸನೆ ಬರುತ್ತದೆ. ಅಂದು ಸೀನಿದ ರಭಸಕ್ಕೆ ಯಜಮಾನರ ಬೆರಳೇ, ಅವರ ಮುಖಕ್ಕೇ ತಿರುಗಿದ್ದ ಕ್ಯಾಮರಾದ ಬಟನ್ ಒತ್ತಿತ್ತು. ಕ್ಯಾಮರಾ ಕಣ್ಣು ಮುಚ್ಚಿರಲಿಲ್ಲ, ಮುಚ್ಚಿದ್ದು ಯಜಮಾನರು. ಬಾಯಿ ತೆರೆದು, ಮೂಗಿನ ಎರಡೂ ಹೊಳ್ಳೆ ಅರಳಿದ ಆ ಫೋಟೋವನ್ನು ಹಟ ಹಿಡಿದು ಆಲ್ಬಮ್ಮಿನ ಮೊದಲ ಪುಟಕ್ಕೇ ಹಾಕಿಸಿದರು. ಮನೆಗೆ ಬಂದವರಿಗೆಲ್ಲ ತೋರಿಸಿ, ಎದೆಯುಬ್ಬಿಸಿ ಹೇಳುತ್ತಿದ್ದರು:

"ನೋಡ್ರೀ, ನನ್ ಶಿಷ್ಯ ತೆಗ್ದಿದ್ದು!"